ಮೊದಲು ಬಿರುಕನ್ನು ಮಾತಾಡಿಸಿ

(ರಾಷ್ಟ್ರೀಯ ಗ್ರಾಹಕ ದಿನದಂದು ದಾವಣಗೆರೆಯ ಬಡಾವಣೆಯೊಂದರ ಸಮುದಾಯ ಭವನದಲ್ಲಿ ನಿವೃತ್ತ ಸಿವಿಲ್ ಎಂಜಿನಿಯರ್ ಒಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದ್ಸಲ ತಲೆ ಎತ್ತಿ ನೋಡಿ. ಎಡಗಡೆ, ಮೂರನೇ ಫ್ಯಾನಿನ ಪಕ್ಕ. ಕಂಡಿತಾ? ಹಳದಿ ಕಲೆ, ಸುತ್ತ ಕಂದು ಅಂಚು. ಕಳೆದ ವರ್ಷ ಇದೇ ದಿನ ನಾನು ಅದರ ಕೆಳಗೇ ಕೂತಿದ್ದೆ. ಆಗ ಒಬ್ಬಟ್ಟಿನಷ್ಟಿತ್ತು. ಈಗ ಜೋಳದ ರೊಟ್ಟಿಯಷ್ಟಾಗಿದೆ. ಈ ಒಂದು ವರ್ಷದಲ್ಲಿ ಅದರ ಬಗ್ಗೆ ಎಷ್ಟು ಮೀಟಿಂಗ್ ಆಗಿದೆ ಅಂತ ಸಂಘದವರನ್ನು ಕೇಳಿದೆ. ನಾಲ್ಕು ಆಗಿದೆಯಂತೆ. ಏಣಿ ಹಾಕಿ ತಾರಸಿ ಮೇಲೆ ಹತ್ತಿ ನೋಡಿದವರು ಯಾರು ಅಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

ಇವತ್ತು ನನಗೆ ಹೇಳಬೇಕಾಗಿರುವುದು ಇಷ್ಟೇ. ಮನೆ ಕಟ್ಟಿಸಿದವರೂ ಕಟ್ಟಿಕೊಟ್ಟವರೂ ವರ್ಷಗಟ್ಟಲೆ ಜಗಳ ಆಡುತ್ತಾರೆ. ಬಿರುಕನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ.

ನನ್ನ ಮನೆ ಕಥೆಯನ್ನೇ ಹೇಳುತ್ತೇನೆ. ಕೆಲವರು ಆಗಲೇ ಕೇಳಿದ್ದೀರಿ, ನಗುತ್ತಿದ್ದೀರಿ. ಇರಲಿ, ಇನ್ನೊಂದು ಸಲ ಕೇಳಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದರ ಮರುವರ್ಷ ನಾನು ಮನೆ ಕಟ್ಟಿಸಿದೆ. 30-40 ಸೈಟು, ಕೆಳಗೆ ಅಪ್ಪಟ ಎರೆ ಮಣ್ಣು. ನಮ್ಮ ಊರಿಗೆ ಹತ್ತಿ ಮಿಲ್ಲು ತಂದಿದ್ದೂ ಆ ಮಣ್ಣೇ, ನಮ್ಮ ಗೋಡೆಗೆ ಬಿರುಕು ತಂದಿದ್ದೂ ಆ ಮಣ್ಣೇ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಖಾಲಿ ಸೈಟಿನಲ್ಲಿ ನಿಂತು ನೋಡಿ, ಬಾಯಿ ಬಿಟ್ಟ ನೆಲದೊಳಗೆ ಪೂರ್ತಿ ಅಂಗೈ ಇಳಿಸಬಹುದು.

ಗೃಹಪ್ರವೇಶ ಆಗಿ ಏಳು ತಿಂಗಳಿಗೆ ಹಿಂದಿನ ಕೋಣೆಯ ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟಿತು. ಮೇಸ್ತ್ರಿಯನ್ನು ಕರೆಸಿದೆ. ಅವನು ಬೆರಳಿನಲ್ಲಿ ಸವರಿ, "ಮನೆ ಅಂದ್ಮೇಲೆ ಬಿರುಕು ಇದ್ದದ್ದೇ ಸಾರ್" ಅಂದ. ನಾನೂ ಎಂಜಿನಿಯರ್ ಅಲ್ವಾ, ರೇಗಿತು. ಸಿಮೆಂಟ್ ಕದ್ದಿದ್ದೀಯ ಅಂದುಬಿಟ್ಟೆ. ಅವನು ಬಾಕಿ ದುಡ್ಡಿಗೆ ಪಟ್ಟು ಹಿಡಿದ. ನಾನು ಕೊಡಲ್ಲ ಅಂದೆ. ಆರು ತಿಂಗಳು ಮಾತಿಲ್ಲ, ಕತೆಯಿಲ್ಲ. ರಸ್ತೆಯಲ್ಲಿ ಎದುರಾದರೆ ಅವನು ಸೈಕಲ್ ತಿರುಗಿಸುತ್ತಿದ್ದ, ನಾನು ಸ್ಕೂಟರ್ ತಿರುಗಿಸುತ್ತಿದ್ದೆ.

ಕೊನೆಗೆ ಇಲಾಖೆಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರು ಬಂದರು. ನಾನು ಸುರುವಿದ ದೂರನ್ನೆಲ್ಲ ಕೇಳಿಸಿಕೊಂಡರು. ಕಾಫಿ ಕುಡಿದರು. ಆಮೇಲೆ ಜೇಬಿನಿಂದ ಒಂದು ತೆಳು ಗಾಜಿನ ಪಟ್ಟಿ ತೆಗೆದು ಬಿರುಕಿನ ಮೇಲೆ ಅಡ್ಡ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿದರು. ಪಕ್ಕದಲ್ಲಿ, ಬಿರುಕಿನ ಆಚೆ ಈಚೆ ಪೆನ್ಸಿಲ್‌ನಿಂದ ಎರಡು ಗುರುತು. ಗಾಜು ಒಡೆದರೆ ಬಿರುಕು ಇನ್ನೂ ನಡೆಯುತ್ತಿದೆ ಅಂತ, ಒಡೆಯದಿದ್ದರೆ ನಿಂತಿದೆ ಅಂತ. ಪ್ರತಿ ತಿಂಗಳು ಒಂದನೇ ತಾರೀಕು ಗುರುತುಗಳ ನಡುವೆ ಅಳತೆ ಮಾಡಿ ಗೋಡೆಯ ಮೇಲೇ ಬರಿ ಅಂದು ಹೋದರು. ಗೋಡೆ ತುಂಬ ತಾರೀಕು. ನನ್ನ ಹೆಂಡತಿ, "ಮಕ್ಕಳ ಹುಟ್ಟುಹಬ್ಬ ನೆನಪಿಲ್ಲ, ಬಿರುಕಿಗೆ ಮಾತ್ರ ತಿಂಗಳು ತಿಂಗಳು ಮಾಡ್ತೀರಿ" ಅಂದಳು.

ಗಾಜು ಎರಡನೇ ತಿಂಗಳಿಗೇ ಒಡೆಯಿತು. ಆದರೆ ವಿಷಯ ಗೊತ್ತಾಗಿದ್ದು ಪೆನ್ಸಿಲ್ ಗುರುತಿನಿಂದ. ಎರೆ ಮಣ್ಣಿನ ಬಿರುಕು ಕಾಲಕ್ಕೆ ತಕ್ಕಂತೆ ತೆರೆಯುತ್ತದೆ, ಮುಚ್ಚುತ್ತದೆ. ಇದು ಮಳೆಯಲ್ಲೂ ಬೇಸಿಗೆಯಲ್ಲೂ ಅಗಲವಾಗುತ್ತಲೇ ಇತ್ತು. ಅಂದರೆ ಆ ಮೂಲೆಯ ಮಣ್ಣಿಗೆ ವರ್ಷಪೂರ್ತಿ ನೀರು ಸಿಗುತ್ತಿದೆ. ಅಗೆದು ನೋಡಿದರೆ ಬಚ್ಚಲ ಪೈಪಿನ ಜಾಯಿಂಟ್ ಬಿಟ್ಟುಕೊಂಡಿತ್ತು. ಸ್ನಾನದ ನೀರೆಲ್ಲ ಪಾಯದ ಬುಡಕ್ಕೆ. ಮೇಸ್ತ್ರಿ ಸಿಮೆಂಟ್ ಕದ್ದಿರಲಿಲ್ಲ, ಪೈಪು ಕೂಡಿಸುವಾಗ ಅವಸರ ಮಾಡಿದ್ದ. ನಾನು ಗೆದ್ದೆ ಅಂದುಕೊಂಡು ಅವನನ್ನು ಕರೆಸಿದೆ. ಅವನು ಗುಂಡಿಗೆ ಇಳಿದು, ಪಾಯದ ಆಳಕ್ಕೆ ಟೇಪ್ ಹಿಡಿದು, ಮೇಲೆ ನೋಡಿ ಅಂದ: "ಸಾರ್, ಐದಡಿ ಹೋಗೋಣ ಅಂದಿದ್ದೆ. ಮೂರಡಿ ಸಾಕು ಅಂದವರು ಯಾರು?"

ನಾನೇ! ಖರ್ಚು ಉಳಿಸಲಿಕ್ಕೆ.

ಆಮೇಲಿನದು ಅರ್ಧ ಗಂಟೆಯ ಮಾತು. ಕೂಲಿ ಅವನದು, ಸಾಮಾನು ನನ್ನದು. ಪೈಪು ಬದಲಾಯಿತು, ಆ ಮೂಲೆಯ ಎರೆ ಮಣ್ಣು ತೆಗೆದು ಮೊರಂ ಅನ್ನುವ ಗರಸು ಮಣ್ಣು ತುಂಬಿ ದಮ್ಮಸು ಮಾಡಿದ. ಗೋಡೆಯ ಸುತ್ತ ಮೂರಡಿ ಅಗಲಕ್ಕೆ ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಹಾಕಿದ. ಬಾಕಿ ದುಡ್ಡು ಕೊಟ್ಟೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. "ಪಾಯ ಕಡಿಮೆ ಮಾಡಿಸಿದ್ದು ಮಾಲೀಕರು" ಅನ್ನುವ ಸಾಲನ್ನೂ ಅವನು ಬಿಡದೆ ಬರೆಸಿದ. ನಿವೃತ್ತಿ ಆದೇಶ ಇರುವ ಫೈಲಿನಲ್ಲೇ ಆ ಹಾಳೆಯೂ ಇದೆ.

ಹಾಗಂತ ಎಲ್ಲ ಮೇಸ್ತ್ರಿಗಳೂ ಪಾಪದವರು ಅಂತಲ್ಲ. ತಾರಸಿಯ ಕಾಂಕ್ರೀಟ್ ಹಾಕಿ ನಾಲ್ಕನೇ ದಿನಕ್ಕೆ ಕೆಳಗಿನ ಆಸರೆ ಕಂಬ ಬಿಚ್ಚಿಕೊಂಡು ಇನ್ನೊಂದು ಸೈಟಿಗೆ ಒಯ್ಯುವವರನ್ನು ನೋಡಿದ್ದೇನೆ. ಕಾಂಕ್ರೀಟ್ ಕೆಲಸಕ್ಕೆ ಐಎಸ್ 456 ಅನ್ನುವ ಭಾರತೀಯ ಮಾನಕದ ಕೋಡ್ ಇದೆ. ಸಾಧಾರಣ ಸಿಮೆಂಟಿಗೆ ಕಡಿಮೆ ಅಂದರೂ 7 ದಿನ ನೀರು ಕುಡಿಸಿ ಅನ್ನುತ್ತದೆ. ಈಗ ನಾವೆಲ್ಲ ತರುವ ಪಿಪಿಸಿಗೆ, ಅಂದರೆ ಬೂದಿಯಂಥದ್ದು ಬೆರೆಸಿದ ಸಿಮೆಂಟಿಗೆ, 10 ದಿನ. ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿನ ಕೆಳಗಿನ ಕಂಬ 7 ದಿನ ನಿಲ್ಲಬೇಕು, ಅದಕ್ಕಿಂತ ಉದ್ದ ಇದ್ದರೆ 14 ದಿನ. ಇದನ್ನು ಒಪ್ಪಂದದಲ್ಲಿ ಬರೆಸಿ. ನಮ್ಮಲ್ಲಿ ಒಪ್ಪಂದ ಅಂದರೆ ಏನಿರುತ್ತದೆ? "ಚದರಕ್ಕೆ ಇಷ್ಟು" ಅಂತ ಒಂದು ಸಾಲು, ಕೆಳಗೆ ಶ್ರೀ ಅಂತ ಬರೆದು ಅಡ್ವಾನ್ಸ್. ಬಾಗಿಲು ಯಾವ ಮರ, ಕಾಂಕ್ರೀಟ್ ಯಾವ ಗ್ರೇಡ್, ಸೋರಿದರೆ ಯಾರು ಎಷ್ಟು ದಿನದಲ್ಲಿ ಬರಬೇಕು, ಏನೂ ಇಲ್ಲ. ದುಡ್ಡೂ ಕೈಯಲ್ಲೇ. ರಸೀದಿ ಕೇಳಿದರೆ ಏನಂದುಕೊಳ್ಳುತ್ತಾನೋ ಅನ್ನುವ ಸಂಕೋಚ. ಲಕ್ಷಗಟ್ಟಲೆ ಕೊಡುವಾಗ ಬಾರದ ಸಂಕೋಚ ರಸೀದಿ ಕೇಳುವಾಗ ಎಲ್ಲಿಂದ ಬರುತ್ತದೋ!

ಮಾತಿಗೆ ಬಗ್ಗದಿದ್ದರೆ ಏನು ಮಾಡಬೇಕು? ಮನೆ ಕಟ್ಟಿಕೊಡುವುದೂ ಒಂದು ಸೇವೆ, ಅದರಲ್ಲಿ ಕೊರತೆಯಾದರೆ ಗ್ರಾಹಕ ಕಾಯ್ದೆಯಡಿ ಕೇಳಬಹುದು ಅಂತ 1993ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಮೇಲಿನ ಕೇಸಿನಲ್ಲಿ. ಈಗಿರುವುದು 2019ರ ಕಾಯ್ದೆ. ನೀವು ಕಟ್ಟುವವನಿಗೆ ಕೊಟ್ಟ ದುಡ್ಡು 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ಫೀ ಅಂತ ಹೆದರಬೇಡಿ. 5 ಲಕ್ಷದವರೆಗೆ ಏನೂ ಇಲ್ಲ, 10ರವರೆಗೆ 200 ರೂಪಾಯಿ, 20ರವರೆಗೆ 400, 50ರವರೆಗೆ 1,000. ವಕೀಲರಿಲ್ಲದೆ ನೀವೇ ವಾದಿಸಬಹುದು. ಕಟ್ಟಿದವನ ಕಚೇರಿ ಬೆಂಗಳೂರಿನಲ್ಲಿದ್ದರೂ ನೀವು ಇರುವ ಊರಿನಲ್ಲೇ ದೂರು ಹಾಕಬಹುದು.

ಎರಡು ವರ್ಷದೊಳಗೆ ಹೋಗಬೇಕು. ಇದನ್ನು ದೊಡ್ಡದಾಗಿ ಬರೆದುಕೊಳ್ಳಿ. "ಮುಂದಿನ ವಾರ ಬರ್ತೀನಿ ಸಾರ್" ಅನ್ನುವ ಫೋನಿನಲ್ಲೇ ಎರಡು ವರ್ಷ ಕಳೆದುಹೋಗುತ್ತದೆ. ಚಿತ್ರದುರ್ಗದಿಂದ ಒಬ್ಬರು ನನ್ನ ಹತ್ತಿರ ಬಂದಿದ್ದರು. ಅವರದು ಗಟ್ಟಿ ಬಂಡೆ ನೆಲ, ಪಾಯದ ಚಿಂತೆ ಇಲ್ಲ. ತಾರಸಿ ಮಾತ್ರ ಜರಡಿ. ಮೂರು ಮಳೆಗಾಲ ಬಕೆಟ್ ಇಟ್ಟುಕೊಂಡು ಕಾದು, ಆಮೇಲೆ ಬಂದರು. ಅದಕ್ಕೂ ಮೊದಲು ಬೇರೆಯವರಿಂದ ವಾಟರ್‌ಪ್ರೂಫ್ ಮಾಡಿಸಿಬಿಟ್ಟಿದ್ದರು. ಒಂದು ಫೋಟೋ ಇಲ್ಲ, ಒಂದು ನೋಟಿಸ್ ಇಲ್ಲ. ಸೋರುವ ತಾರಸಿ ಅವರ ಒಂದೇ ಸಾಕ್ಷಿ. ಅದನ್ನೂ ತಾವೇ ದುಡ್ಡು ಕೊಟ್ಟು ಮುಚ್ಚಿಸಿದ್ದರು. ಮತ್ತೆ ಅದೇ ಹೇಳುತ್ತೇನೆ, ಮೊದಲು ಬಿರುಕನ್ನು ಮಾತಾಡಿಸಿ. ಫೋಟೋ, ತಾರೀಕು, ಅಳತೆ. ಎರಡೂ ಕಡೆಗೆ ಸೇರದ ಒಬ್ಬ ಎಂಜಿನಿಯರ್‌ನಿಂದ ವರದಿ. ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ. ಆಮೇಲೆ ಬೇಕಾದರೆ ರಿಪೇರಿ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ, ಕೈಯಲ್ಲಿ ಐದು ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆ. ಎಲ್ಲರೂ ಇದನ್ನೇ ಕೇಳುತ್ತೀರಿ. ನಿಮ್ಮ ಸ್ವಂತ ಸೈಟಿನಲ್ಲಿ ಮೇಸ್ತ್ರಿಯಿಂದ ಕಟ್ಟಿಸಿದ ಮನೆಗೆ ಅದು ಬರುವುದಿಲ್ಲ. ಬಿಲ್ಡರ್‌ನಿಂದ ಕೊಂಡ ಫ್ಲಾಟು, ಮನೆ, ಅಂಥದ್ದಕ್ಕೆ. ಅದರಲ್ಲೂ ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಫ್ಲಾಟು ಎಂಟಕ್ಕಿಂತ ಜಾಸ್ತಿ ಇಲ್ಲದಿದ್ದರೆ ನೋಂದಣಿ ಕಡ್ಡಾಯ ಅಲ್ಲ. ಅಲ್ಲಿ 14ನೇ ಸೆಕ್ಷನ್ ಚೆನ್ನಾಗಿದೆ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕೆಲಸದ ದೋಷ ಕಂಡರೆ, ಹೇಳಿದ 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಮಾಡಬೇಕು. ಆಗದಿದ್ದರೆ ಪರಿಹಾರ.

ಲೋಕ ಅದಾಲತ್, ಮಧ್ಯಸ್ಥಿಕೆ ಬಗ್ಗೆ ಎರಡು ಹಾಳೆ ಬರೆದು ತಂದಿದ್ದೆ, ಅದಕ್ಕೆ ಟೈಮಿಲ್ಲ. ಒಂದೇ ಮಾತು. ಅದಾಲತ್‌ನಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಅಪೀಲು ಇಲ್ಲ. ಹಾಗಾಗಿ ಅಲ್ಲಿ ಬರೀ ದುಡ್ಡಿನ ಲೆಕ್ಕ ಬರೆಸಬೇಡಿ. ಯಾವ ಗೋಡೆ, ಏನು ಕೆಲಸ, ಯಾವ ತಾರೀಕಿನೊಳಗೆ, ಮುಗಿದಿದ್ದನ್ನು ನೋಡಿ ಸರಿ ಅನ್ನುವವರು ಯಾರು, ಅದನ್ನೂ ಬರೆಸಿ. ಫೋನಿನಲ್ಲಿ ಕೇಳಿ ತಿಳಿಯುವುದಾದರೆ ಗ್ರಾಹಕ ಸಹಾಯವಾಣಿ 1915.

ಮಂಡಕ್ಕಿ ಮಿರ್ಚಿ ವಾಸನೆ ಬರುತ್ತಿದೆ, ಇನ್ನು ನನ್ನ ಮಾತು ನಿಮ್ಮ ಕಿವಿಗೆ ಹೋಗುವುದಿಲ್ಲ. ಮೂರನೇ ಸಾಲಿನ ಹಸಿರು ಸ್ವೆಟರ್ ಯಜಮಾನರೇ, ಬಾಗಿಲಲ್ಲೇ ನನ್ನನ್ನು ಹಿಡಿದು ತಾರಸಿ ಸೋರುತ್ತದೆ ಅಂದಿರಲ್ಲ, ನಾಳೆ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ. ಮೇಸ್ತ್ರಿಯನ್ನೂ ಕರೆಸಿ. ನಾನು ಎಂಜಿನಿಯರ್ ಅಂತ ಹೇಳಬೇಡಿ, ಹೆದರಿ ಬರುವುದಿಲ್ಲ. ನೆಂಟರು ಅನ್ನಿ. ಮತ್ತೆ ಸಂಘದವರೇ, ಊಟ ಆದಮೇಲೆ ಒಂದು ಏಣಿ ಕೊಡಿಸಿ, ಈ ಭವನದ ತಾರಸಿಯನ್ನೂ ಹತ್ತಿ ನೋಡೋಣ.