ನಾಯಿಗೆ ದ್ರಾಕ್ಷಿ ಕೊಡಬಹುದಾ? ಉತ್ತರ ನಮ್ಮ ಹುಣಸೆ ಡಬ್ಬಿಯಲ್ಲೂ ಇದೆ

[ದೃಶ್ಯ: ಕೇಸರಿಬಾತ್ ತಟ್ಟೆ. ಎದುರಿಗೆ ಬಾಲ ಆಡಿಸುತ್ತಾ ಕೂತ ನಾಯಿ]

ನಮಸ್ಕಾರ. ನಾವು ಕೇಸರಿಬಾತ್ ತಿನ್ನೋವಾಗ ನಾಯಿ ಎದುರಿಗೆ ಕೂತು ಕಣ್ಣಲ್ಲೇ ಕೇಳುತ್ತೆ. ಪಾಪ ಅನ್ನಿಸಿ ಒಂದೆರಡು ದ್ರಾಕ್ಷಿ ಹಾಕಿಬಿಡ್ತೀವಿ. ದಯವಿಟ್ಟು ಹಾಕಬೇಡಿ. ಹಸಿ ದ್ರಾಕ್ಷಿ, ಒಣದ್ರಾಕ್ಷಿ, ಬೀಜ ಇರೋದು, ಇಲ್ಲದ್ದು, ಯಾವುದೂ ನಾಯಿಗೆ ಬೇಡ. ಕಿಡ್ನಿಯೇ ಕೆಟ್ಟುಹೋಗಬಹುದು. ಒಣಗಿಸಿದಾಗ ನೀರು ಹೋಗಿ ಉಳಿದದ್ದೆಲ್ಲ ಗಟ್ಟಿಯಾಗುತ್ತೆ, ಹಾಗಾಗಿ ಒಣದ್ರಾಕ್ಷಿ ಇನ್ನೂ ಅಪಾಯ.

"ನಮ್ಮ ನಾಯಿ ಎಷ್ಟೋ ಸಲ ತಿಂದಿದೆ, ಏನೂ ಆಗಿಲ್ಲ" ಅನ್ನೋರಿದ್ದಾರೆ. ಅವರ ಮಾತು ಸುಳ್ಳಲ್ಲ. ಒಂದು ನಾಯಿ ಅರ್ಧ ಗೊಂಚಲು ತಿಂದು ಆರಾಮಾಗಿರುತ್ತೆ, ಇನ್ನೊಂದು ನಾಲ್ಕೇ ಕಾಳಿಗೆ ಮಲಗುತ್ತೆ. ಯಾಕೆ ಹೀಗೆ ಅನ್ನೋದು ಪಶುವೈದ್ಯರಿಗೂ ಬಹಳ ವರ್ಷ ಬಿಡಿಸಲಾಗದ ಗಂಟಾಗಿತ್ತು.

[ದೃಶ್ಯ: ಬಣ್ಣದ ಆಟದ ಹಿಟ್ಟು]

ಸುಳಿವು ಸಿಕ್ಕಿದ್ದು ದ್ರಾಕ್ಷಿಯಿಂದಲ್ಲ. ಅಮೆರಿಕದಲ್ಲಿ ಮಕ್ಕಳ ಆಟಕ್ಕೆ ಅಂತ ಮನೆಯಲ್ಲೇ ಕಲಸಿಟ್ಟ ಹಿಟ್ಟನ್ನ ಒಂದು ನಾಯಿ ತಿಂತು. ಆಮೇಲೆ ದ್ರಾಕ್ಷಿ ತಿಂದ ನಾಯಿಗಳ ಥರಾನೇ ವಾಂತಿ, ಕಿಡ್ನಿ ವೈಫಲ್ಯ. ಆ ಹಿಟ್ಟಿಗೆ ಹಾಕಿದ್ದು ಕ್ರೀಮ್ ಆಫ್ ಟಾರ್ಟರ್, ಅಂದ್ರೆ ಟಾರ್ಟಾರಿಕ್ ಆಮ್ಲದ ಲವಣ. ಅದೇ ಆಮ್ಲ ದ್ರಾಕ್ಷಿಯಲ್ಲೂ ಇದೆ! 2021ರಲ್ಲಿ ಅಲ್ಲಿನ ಎಎಸ್‌ಪಿಸಿಎ ಅನ್ನೋ ಪ್ರಾಣಿದಯಾ ಸಂಸ್ಥೆಯ ವಿಷ ನಿಯಂತ್ರಣ ಕೇಂದ್ರದ ಪಶುವೈದ್ಯರು, ವಿಷ ಇದೇ ಇರಬೇಕು ಅಂತ ಬರೆದರು. ತಳಿ, ಮಾಗಿರೋದು, ಬೆಳೆದ ಜಾಗ ನೋಡಿಕೊಂಡು ಈ ಆಮ್ಲ ಹೆಚ್ಚು ಕಮ್ಮಿ ಆಗುತ್ತೆ. ಒಂದು ಗೊಂಚಲಿನ ಹಾಗೆ ಇನ್ನೊಂದು ಇರಲ್ಲ. ನಮ್ಮ ಕಿಡ್ನಿ ಇದನ್ನ ಹೊರಗೆ ಹಾಕುತ್ತೆ. ನಾಯಿಯ ಕಿಡ್ನಿಯ ಜೀವಕೋಶಗಳಿಗೆ ಹಾಗೆ ಸರಿಯಾಗಿ ಹೊರಗೆ ಹಾಕೋಕೆ ಆಗಲ್ಲ, ಆಮ್ಲ ಒಳಗೇ ತುಂಬಿಕೊಳ್ಳುತ್ತೆ ಅನ್ನೋದು ಈಗಿರೋ ವಿವರಣೆ.

[ದೃಶ್ಯ: ನೆನೆಸಿಟ್ಟ ಹುಣಸೆಹಣ್ಣು]

ಇಲ್ಲಿ ನಾವು ಎಚ್ಚರಾಗಬೇಕು. ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಟಾರ್ಟಾರಿಕ್ ಆಮ್ಲವೇ. ಹುಣಸೆಹಣ್ಣು ತಿಂದು ಕಿಡ್ನಿಗೆ ಪೆಟ್ಟಾದ ನಾಯಿಗಳ ವರದಿ 2022ರಲ್ಲಿ ಬಂದಿದೆ. ಪುಳಿಯೋಗರೆ ಗೊಜ್ಜು ನಾಯಿಗೆ ಬೇಡವೇ ಬೇಡ. ಸಾರನ್ನ ಹಾಕೋ ಅಭ್ಯಾಸ ಇದ್ರೆ, ಸಾರು ಕಲಸೋ ಮೊದಲೇ ಅದರ ಪಾಲಿನ ಅನ್ನ ತೆಗೆದಿಡಿ. ಸಾರಿನ ಈರುಳ್ಳಿ, ಬೆಳ್ಳುಳ್ಳಿ ಕೂಡ ನಾಯಿಯ ಕೆಂಪು ರಕ್ತಕಣಗಳನ್ನ ಒಡೆಯುತ್ತವೆ.

[ದೃಶ್ಯ: ನೆಲದ ಮೇಲೆ ಚೆಲ್ಲಿದ ಒಣದ್ರಾಕ್ಷಿ]

ಕಣ್ತಪ್ಪಿಸಿ ತಿಂದುಬಿಡ್ತಾ? ವಾಂತಿ ಬರಲಿ, ನೋಡೋಣ ಅಂತ ಕಾಯಬೇಡಿ. ವಾಂತಿ ಸಾಮಾನ್ಯವಾಗಿ ಒಂದು ದಿನದೊಳಗೆ ಶುರುವಾಗುತ್ತೆ, ಉಚ್ಚೆ ಕಮ್ಮಿಯಾಗೋ ಹೊತ್ತಿಗೆ ಕಿಡ್ನಿ ಆಗಲೇ ಸೋತಿರುತ್ತೆ. ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ, ಅದೇ ಇನ್ನೊಂದು ವಿಷ. ಬೇಗ ಹೋದ್ರೆ ಡಾಕ್ಟರು ವಾಂತಿ ಮಾಡಿಸಿ, ಡ್ರಿಪ್ ಹಾಕಿ ಉಳಿಸೋ ಸಾಧ್ಯತೆ ಚೆನ್ನಾಗಿದೆ. ಹೊರಡೋ ಮುಂಚೆ ಫೋನ್ ಮಾಡಿ: ಏನು ತಿಂತು, ಎಷ್ಟು ತಿಂತು, ಎಷ್ಟು ಹೊತ್ತಿಗೆ, ನಾಯಿಯ ತೂಕ ಎಷ್ಟು.