ಹೊಸ ಡೆಸ್ಕ್‌ಟಾಪ್‌ನಲ್ಲಿ ಸದ್ದೇ ಇಲ್ಲವೇ?

ಕೇಳುಗರಿಗೆ ನಮಸ್ಕಾರ.

ಹೊಸ ಡೆಸ್ಕ್‌ಟಾಪ್ ಕಂಪ್ಯೂಟರ್ ಮನೆಗೆ ಬಂದಿದೆ. ಇಂಟರ್ನೆಟ್ ಸಿಕ್ಕಿದೆ, ಮಗಳು ಆನ್‌ಲೈನ್ ಕ್ಲಾಸ್ ಹಾಕಿ ಕೂತಿದ್ದಾಳೆ. ಪರದೆಯ ಮೇಲೆ ಮೇಷ್ಟ್ರ ಬಾಯಿ ಆಡುತ್ತಿದೆ, ಮಾತು ಮಾತ್ರ ಕೇಳಿಸುತ್ತಿಲ್ಲ. ಯಾರನ್ನು ಕೇಳಿದರೂ ಬರುವ ಮೊದಲ ಉತ್ತರ, ‘ಡ್ರೈವರ್ ಹಾಕ್ಕೊಳ್ಳಿ’. ಡ್ರೈವರ್ ಅಂದರೆ ಕಂಪ್ಯೂಟರಿನ ಒಂದೊಂದು ಸಾಧನವನ್ನು ವಿಂಡೋಸ್ ನಡೆಸಲು ಬೇಕಾದ ಸಣ್ಣ ತಂತ್ರಾಂಶ. ಸರಿ ಅಂತ ಕಂಡಕಂಡ ಜಾಲತಾಣದಿಂದ ಏನೇನೋ ಇಳಿಸಿಕೊಳ್ಳಲು ಹೊರಡುವ ಮುಂಚೆ ಸ್ವಲ್ಪ ತಡೆಯಿರಿ. ಈಗಿನ ವಿಂಡೋಸ್ ಸಾಮಾನ್ಯವಾಗಿ ತಾನೇ ಒಂದು ಡ್ರೈವರ್ ಹಾಕಿಕೊಂಡಿರುತ್ತದೆ. ಎಷ್ಟೋ ಸಲ ಸದ್ದು ಹುಟ್ಟುತ್ತಲೇ ಇರುತ್ತದೆ, ಕಂಪ್ಯೂಟರ್ ಅದನ್ನು ಬೇರೆ ಕಡೆಗೆ ಕಳಿಸುತ್ತಿರುತ್ತದೆ.

ಮೊದಲು ಸ್ಪೀಕರ್ ಎಲ್ಲಿದೆ ಅಂತ ನೋಡಿಕೊಳ್ಳಿ. ಲ್ಯಾಪ್‌ಟಾಪು, ಮೊಬೈಲು, ಈಗ ನೀವು ಕೇಳುತ್ತಿರುವ ರೇಡಿಯೊ, ಇವಕ್ಕೆಲ್ಲ ಸ್ಪೀಕರ್ ಒಳಗೇ ಇರುತ್ತದೆ. ಡೆಸ್ಕ್‌ಟಾಪಿನ ಡಬ್ಬದಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಮಾನಿಟರ್‌ಗಳಲ್ಲಿ ಕೆಲವಕ್ಕುಂಟು, ಕೆಲವಕ್ಕಿಲ್ಲ.

ತಮಾಷೆ ಶುರುವಾಗುವುದೇ ಈ ಮಾನಿಟರಿನಿಂದ. ಕಂಪ್ಯೂಟರಿನಿಂದ ಮಾನಿಟರಿಗೆ ಹೋಗುವ ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆಗೆ ಧ್ವನಿಯನ್ನೂ ಹೊರುತ್ತದೆ. ಡಿಸ್‌ಪ್ಲೇಪೋರ್ಟ್ ಅನ್ನುವ ಇನ್ನೊಂದು ಬಗೆಯ ಕೇಬಲ್ ಕೂಡ ಹಾಗೆಯೇ. ಕೇಬಲ್ ಸಿಕ್ಕಿಸಿದ ಕೂಡಲೇ ವಿಂಡೋಸ್, ‘ಓಹೋ, ಧ್ವನಿಗೂ ಇದೇ ಜಾಗ’ ಅಂದುಕೊಂಡು ಎಲ್ಲವನ್ನೂ ಮಾನಿಟರಿಗೇ ಕಳಿಸಿಬಿಡುವುದುಂಟು. ಆ ಮಾನಿಟರಿಗೆ ಸ್ಪೀಕರೇ ಇಲ್ಲ! ವಾಲ್ಯೂಮ್ ನೂರಕ್ಕೆ ನೂರು ಇದೆ, ಮ್ಯೂಟ್ ಆಗಿಲ್ಲ, ದೋಷದ ಸೂಚನೆಯೂ ಇಲ್ಲ. ಪಕ್ಕದಲ್ಲಿಟ್ಟ ಸ್ಪೀಕರ್ ಮಾತ್ರ ತೆಪ್ಪಗೆ ಕೂತಿರುತ್ತದೆ.

ಇದಕ್ಕೆ ಮದ್ದು ಸುಲಭ. ವಿಂಡೋಸ್ 11ರಲ್ಲಿ ಪರದೆಯ ಬಲಗಡೆ ಕೆಳಮೂಲೆಯ ಸ್ಪೀಕರ್ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಸೌಂಡ್ ಸೆಟ್ಟಿಂಗ್ಸ್’ ತೆರೆಯಿರಿ. ‘ಔಟ್‌ಪುಟ್’ ಅನ್ನುವ ಕಡೆ ಒಂದು ಪಟ್ಟಿ ಇರುತ್ತದೆ. ಮಾನಿಟರಿನ ಹೆಸರಿಗೆ ಗುರುತು ಬಿದ್ದಿದ್ದರೆ ಅದನ್ನು ಬಿಟ್ಟು ‘ಸ್ಪೀಕರ್ಸ್’ ಎಂದಿರುವುದನ್ನು ಆರಿಸಿ. ಅದರ ಜೊತೆಗೆ ರಿಯಲ್‌ಟೆಕ್ ಅಂತಲೋ, ಹೈ ಡೆಫಿನಿಷನ್ ಆಡಿಯೊ ಅಂತಲೋ ಬರೆದಿರಬಹುದು. ಉಬುಂಟು ಬಳಸುವವರಿಗೂ ಸೆಟ್ಟಿಂಗ್ಸ್‌ನ ‘ಸೌಂಡ್’ ವಿಭಾಗದಲ್ಲಿ ಇಂಥದೇ ಪಟ್ಟಿ ಸಿಗುತ್ತದೆ.

ಆಗಲೂ ಕೇಳದಿದ್ದರೆ ಮೊಬೈಲಿನ ಟಾರ್ಚ್ ಹಾಕಿಕೊಂಡು ಡಬ್ಬದ ಹಿಂದಕ್ಕೆ ಹೋಗಿ. ಅಲ್ಲಿ ದುಂಡನೆಯ ಸಣ್ಣ ತೂತುಗಳು ಸಾಲಾಗಿವೆ. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನಿಂದ ಬರುವ ಧ್ವನಿಗೆ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ತಂದ ‘ಪಿಸಿ 99’ ಮಾರ್ಗಸೂಚಿಯ ಬಣ್ಣಗಳಿವು. ಈ ತೂತುಗಳಿರುವುದು ಡಬ್ಬದೊಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡಿನಲ್ಲಿ. ಈಚಿನ ಕೆಲವು ಬೋರ್ಡುಗಳಲ್ಲಿ ಎಲ್ಲವನ್ನೂ ಕಪ್ಪು ಮಾಡಿದ್ದಾರೆ, ಚೆಂದ ಕಾಣಲಿ ಅಂತಲೋ ಏನೋ. ಕತ್ತಲಲ್ಲಿ ತಡಕಾಡುವ ನಮ್ಮ ಕಷ್ಟ ಅವರಿಗೇನು ಗೊತ್ತು! ಅಂಥವುಗಳಲ್ಲಿ ಪಕ್ಕದ ಪುಟ್ಟ ಚಿತ್ರವನ್ನೋ, ಬೋರ್ಡಿನ ಜೊತೆ ಬಂದ ಪುಸ್ತಕವನ್ನೋ ನೋಡಬೇಕು.

ಅಗ್ಗದ ಸ್ಪೀಕರುಗಳಿಗೆ ಹೆಚ್ಚಾಗಿ ಎರಡು ವೈರು ಇರುತ್ತವೆ. ಯುಎಸ್‌ಬಿ ವೈರು ಕರೆಂಟಿಗೆ ಮಾತ್ರ. ಅದೊಂದನ್ನೇ ಸಿಕ್ಕಿಸಿದರೆ ದೀಪ ಉರಿಯುತ್ತದೆ, ಸದ್ದು ಬರುವುದಿಲ್ಲ. ಧ್ವನಿ ಹೋಗುವುದು ಇನ್ನೊಂದರಲ್ಲಿ, ಅದು ಹಸಿರು ತೂತಿಗೆ ‘ಟಕ್’ ಎನ್ನುವ ತನಕ ಕೂರಬೇಕು. ಸ್ಪೀಕರಿನ ಮೇಲೇ ಅನುಮಾನವಿದ್ದರೆ ಅದೇ ತೂತಿಗೆ ಇಯರ್‌ಫೋನ್ ಹಾಕಿ ನೋಡಿ. ಅದರಲ್ಲಿ ಕೇಳಿದರೆ ಕಂಪ್ಯೂಟರ್ ಸರಿಯಿದೆ, ಸ್ಪೀಕರನ್ನು ಬದಲಿಸಿಕೊಳ್ಳಿ.

ಹಿಂದೆ ಕೇಳುತ್ತದೆ, ಮುಂದಿನ ತೂತಿನಲ್ಲಿ ಮಾತ್ರ ಇಲ್ಲ ಅನ್ನುವವರೂ ಇದ್ದಾರೆ. ಮುಂಭಾಗದಿಂದ ಮದರ್‌ಬೋರ್ಡಿಗೆ ಹೋಗುವ ತೆಳ್ಳನೆಯ ವೈರೊಂದಿದೆ, ತುದಿಯಲ್ಲಿ ‘ಎಚ್‌ಡಿ ಆಡಿಯೊ’ ಎಂದಿರುತ್ತದೆ. ಅಸೆಂಬಲ್ ಮಾಡುವವರ ಕೈಯಲ್ಲಿ ಇದು ಒಮ್ಮೊಮ್ಮೆ ಸಿಕ್ಕಿಸದೆ ಉಳಿದುಬಿಡುತ್ತದೆ. ವಾರಂಟಿಯ ಸ್ಟಿಕ್ಕರ್ ಇದ್ದರೆ ನೀವೇ ಬಿಚ್ಚಬೇಡಿ, ಅಂಗಡಿಯವರೇ ಸಿಕ್ಕಿಸಿಕೊಡಲಿ.

ಇಷ್ಟಾದ ಮೇಲೆ ಡ್ರೈವರಿನ ಸರದಿ. ಕಂಪ್ಯೂಟರಿನ ಸಾಧನಗಳ ಪಟ್ಟಿ ತೋರಿಸುವ ವಿಂಡೋಸಿನ ‘ಡಿವೈಸ್ ಮ್ಯಾನೇಜರ್’ನಲ್ಲಿ ಧ್ವನಿಯ ಸಾಧನದ ಮೇಲೆ ಹಳದಿ ಗುರುತಿದ್ದರೆ ಮದರ್‌ಬೋರ್ಡಿನ ಮಾಡೆಲ್ ಹೆಸರು ನೋಡಿ, ಅದನ್ನು ತಯಾರಿಸಿದವರ ತಾಣದಿಂದಲೇ ಇಳಿಸಿಕೊಳ್ಳಿ. ಸಾಧನವೇ ಕಾಣದಿದ್ದರೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮುಂಚೆಯೇ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ, ಆಡಿಯೊ ಆಫ್ ಆಗಿರಬಹುದು. ಅಲ್ಲೂ ಆನ್ ಇದ್ದರೆ ಬಿಲ್ಲು ಹಿಡಿದು ಅಂಗಡಿಗೆ ಹೋಗುವುದೇ ಸರಿ. ಅವರು ಬೋರ್ಡ್ ಬದಲಿಸಿಕೊಡುವ ತನಕ ಯುಎಸ್‌ಬಿ ಹೆಡ್‌ಸೆಟ್ಟಿನಿಂದ ಕೆಲಸ ಸಾಗಿಸಬಹುದು. ಅದರ ಸೌಂಡ್ ಚಿಪ್ ಅದರಲ್ಲೇ ಇರುವುದರಿಂದ ಬೋರ್ಡಿನ ಆಡಿಯೊದ ಹಂಗಿಲ್ಲ. ನಮಸ್ಕಾರ.