ಜಗಳ ಮೆಷಿನ್ ಜೊತೆ ಅಲ್ಲ, ರೇಟ್ ಕಟ್ಟೋನ ಜೊತೆ

ಸಭೆಯ ಅಧ್ಯಕ್ಷರು ಈಗಷ್ಟೆ ಹೇಳಿದ್ರು, ಪಾಪ್ಯುಲಿಸ್ಟರು, ಅಂದ್ರೆ 1890ರ ದಶಕದಲ್ಲಿ ಅಮೆರಿಕದಲ್ಲಿ ರೈತರು ಕಟ್ಟಿದ ಪಕ್ಷದೋರು, ರೈಲು, ಕಾರ್ಖಾನೆ ಕಂಡ್ರೆ ಆಗದ ಹಳ್ಳಿ ಜನ ಅಂತ. ಗೌರವ ಇಟ್ಕೊಂಡೇ ಹೇಳ್ತೀನಿ ಸಾರ್, ಅದನ್ನ ಒಪ್ಪಲ್ಲ, ನಾನು ಇವತ್ತು ಬಂದಿರೋದೇ ಇದೊಂದು ಮಾತಿಗೆ. ಆ ರೈತರ ಜಗಳ ಮೆಷಿನ್ ಜೊತೆ ಅಲ್ಲ, ರೇಟ್ ಕಟ್ಟೋನ ಜೊತೆ.

1880ರ ದಶಕದ ಅಮೆರಿಕದ ಟೆಕ್ಸಾಸ್, ಜಾರ್ಜಿಯಾ ರಾಜ್ಯ ತಗೊಳ್ಳಿ. ಹತ್ತಿ ಬೆಳೆಯೋನು ಬೀಜ, ಹಿಟ್ಟು, ಬಟ್ಟೆ ಎಲ್ಲಾನೂ ಊರ ಅಂಗಡಿ ಸಾಹುಕಾರನ ಹತ್ರ ಉದ್ರಿ ತರ್ಬೇಕು, ಅದಕ್ಕೆ ಅಡಮಾನ ಇನ್ನೂ ಬೆಳೆಯದೇ ಇರೋ ಹತ್ತಿ! ಅಂಗಡೀಲಿ ನಗದಿಗೊಂದು ರೇಟು, ಉದ್ರಿಗೊಂದು ರೇಟು. ಸುಗ್ಗೀಲಿ ಎಲ್ಲರ ಹತ್ತಿ ಒಟ್ಟಿಗೆ ಮಾರ್ಕೆಟ್ಟಿಗೆ ಬಂದು ಬೆಲೆ ನೆಲ ಕಚ್ಚಿರುತ್ತೆ, ಲೆಕ್ಕ ಚುಕ್ತಾ ಆಗಲ್ಲ, ಬಾಕಿ ಮುಂದಿನ ವರ್ಷದ ಖಾತೆಗೆ.

ಇದರ ಮೇಲೆ 1888ರಲ್ಲಿ ಹತ್ತಿ ಬೇಲ್‌ಗೆ, ಅಂದ್ರೆ ಮೂಟೆಗೆ, ಸುತ್ತೋ ಗೋಣಿತಟ್ಟಿನ ಕಂಪನಿಗಳು ಒಳಗೊಳಗೇ ಕೂಡ್ಕೊಂಡು ಗಜಕ್ಕೆ 7 ಸೆಂಟ್ ಇದ್ದದ್ದನ್ನ 11ಕ್ಕೆ, ಆಮೇಲೆ ಅದಕ್ಕೂ ಮೇಲೆ ಏರಿಸಿದ್ರು. (ಆ ಸೆಣಬು ಹೋಗ್ತಿದ್ದದ್ದು ನಮ್ಮ ಬಂಗಾಳದಿಂದ, ಅಲ್ಲಿ ಬೆಳೆದೋನಿಗೆ ಏನು ದಕ್ಕಿತು ಅನ್ನೋದು ಇನ್ನೊಂದು ಉಪನ್ಯಾಸ.) ಆಗ ಫಾರ್ಮರ್ಸ್ ಅಲಯನ್ಸ್ ಅನ್ನೋ ರೈತರ ಸಂಘ, ಗೋಣಿನೇ ಬೇಡ, ಹತ್ತಿ ಬಟ್ಟೇಲೇ ಸುತ್ತೋಣ ಅಂತು. ಈ ಕಥೆ ನಾನು ಹೋದಲ್ಲೆಲ್ಲ ಹೇಳ್ತೀನಿ, ಕೇಳಿದೋರು ಕ್ಷಮಿಸಿ. 1889ರಲ್ಲಿ ಅಟ್ಲಾಂಟಾದ ಪೀಡ್ಮಾಂಟ್ ವಸ್ತುಪ್ರದರ್ಶನದಲ್ಲಿ ಜೋಡಿ ಮದುವೆ ಆಯ್ತು. ಇಬ್ಬರು ವಧು, ಇಬ್ಬರು ವರ, ನಾಲ್ಕೂ ಜನರ ಮೈಮೇಲೆ ಏನು? ಬೇಲ್ ಸುತ್ತೋ ಒರಟು ಹತ್ತಿ ಬಟ್ಟೆ! ಧಾರೆ ಸೀರೆ ಬದಲು ಇದನ್ನ ಉಟ್ಕೋ ಅಂದಿದ್ರೆ ನಮ್ಮ ಮನೇಲಿ ಮದುವೆನೇ ಮುರಿದುಬೀಳ್ತಿತ್ತು. ನಗ್ತೀರಿ, ಆದ್ರೆ ಆ ಗೋಣಿ ಟ್ರಸ್ಟು, ಅಂದ್ರೆ ಒಳಗೊಳಗೇ ಕೂಡಿದ ಆ ಕಂಪನಿಗಳ ಕೂಟ, ಕೊನೆಗೆ ಬಗ್ಗಿದ್ದು ಹೌದು. ಮತ್ತೆ ನೋಡಿ, ಯಾರೂ ಮಿಲ್ಲು ಸುಡಲಿಲ್ಲ, ಇನ್ನೊಂದು ಮಿಲ್ಲಿನ ಬಟ್ಟೆ ತಂದ್ರು ಅಷ್ಟೆ.

1892ರ ಜುಲೈ 4, ಈ ಅಲಯನ್ಸಿಂದ ಬೆಳೆದ ಪಾಪ್ಯುಲಿಸ್ಟ್ ಪಕ್ಷ ಒಮಾಹಾ ಊರಲ್ಲಿ ಹೊರಡಿಸಿದ ಒಮಾಹಾ ಪ್ರಣಾಳಿಕೆ. ರೈಲು ಕಿತ್ತುಹಾಕಿ ಅಂತ ಅದರಲ್ಲಿ ಎಲ್ಲೂ ಇಲ್ಲ, ರೈಲು, ಟೆಲಿಗ್ರಾಫು, ಟೆಲಿಫೋನು ಸರ್ಕಾರ ನಡೆಸಲಿ ಅಂತಿದೆ. ಇನ್ನೊಂದು, ಅಲಯನ್ಸಿನ ಮುಂದಾಳು ಚಾರ್ಲ್ಸ್ ಮಕ್ಯೂನ್ 1889ರಲ್ಲಿ ಕೊಟ್ಟ ಪ್ಲಾನು: ಸರ್ಕಾರಿ ಗೋದಾಮಲ್ಲಿ ಬೆಳೆ ಇಡು, ಬೆಲೆಯ 80% ಸಾಲ ತಗೋ, ಬಡ್ಡಿ 1%, ರೇಟು ಬಂದಾಗ ಮಾರು. 1892ರ ಅಧ್ಯಕ್ಷ ಚುನಾವಣೇಲಿ ಈ ಪಕ್ಷದ ಅಭ್ಯರ್ಥಿ ಜೇಮ್ಸ್ ವೀವರ್‌ಗೆ 10 ಲಕ್ಷಕ್ಕೂ ಜಾಸ್ತಿ ವೋಟು ಬಿತ್ತು.

ಚೀಟಿ ಬಂತು, ಐದು ನಿಮಿಷ ಅಂತೆ. ಬೆಳ್ಳಿ ನಾಣ್ಯ ಹೆಚ್ಚು ಹೊರಡಿಸಿ ಅನ್ನೋ ಬೇಡಿಕೆ, 1896ರ ಅಧ್ಯಕ್ಷ ಚುನಾವಣೇಲಿ ಇವರೂ ಬೆಂಬಲಿಸಿದ ಬ್ರಯನ್ ಸೋತದ್ದು ಎಲ್ಲಾ ನಿಮಗೆ ಗೊತ್ತೇ ಇದೆ, ಬಿಡ್ತೀನಿ. ಒಂದನ್ನ ಮಾತ್ರ ಬಿಡಲ್ಲ. ಬಿಳಿ ರೈತರ ಅಲಯನ್ಸು ಕರಿಯರನ್ನ ಸೇರಿಸ್ಕೊಳ್ಳಲಿಲ್ಲ, ಅವರದ್ದು ಬೇರೆ ಸಂಘ. 1891ರಲ್ಲಿ ಆ ಸಂಘದ ಕೂಲಿಕಾರರು ನೂರು ಪೌಂಡ್ ಹತ್ತಿ ಬಿಡಿಸೋಕೆ ಒಂದು ಡಾಲರ್ ಕೇಳಿ ಸ್ಟ್ರೈಕ್ ಮಾಡಿದ್ರು. ಬಿಳಿ ಅಲಯನ್ಸಿನ ಅಧ್ಯಕ್ಷ ಪೋಕ್ ಅದನ್ನ ವಿರೋಧಿಸಿದ, ಅರ್ಕಾನ್ಸಾದ ಲೀ ಕೌಂಟೀಲಿ ಸ್ಟ್ರೈಕ್ ಮಾಡಿದೋರನ್ನ ಬೇಟೆಯಾಡಿ ಕೊಂದ್ರು. ಅಲ್ಲಿ ರೇಟ್ ಕಟ್ಟೋನು ಸಾಹುಕಾರ ಅಲ್ಲ, ಹೊಲದ ಯಜಮಾನನೇ. ಇದರ ಬಗ್ಗೆ ಜಗಳ ಆಡೋರು ಇದ್ರೆ ಟೀ ಹತ್ರ ಸಿಗ್ತೀನಿ.